ಸೂಲಗಿತ್ತಿಯ ಬ್ರೇಕು

ಅತ್ತೆ ತೀರಿಕೊಂಡು ಸಾವಿರ ದಿನವಾಗಲು, ಅವಳ ಹೆಸರಿನಲ್ಲಿ ಕೊನೆಯ ದೊಡ್ಡ ತಿಥಿ ಮಾಡಲು, ಇನ್ನು ಹನ್ನೊಂದು ದಿನ ಬಾಕಿಯಿತ್ತು. ಗಿಯಾರ್ತೊ ಬೆಳಗಿನಿಂದ ನಾಲ್ಕನೆಯ ಸಲ ಹಿತ್ತಿಲಿಗೆ ಹೋಗಿ ಬೈಕಿನ ಮುಂದೆ ನಿಂತ. ಮಾಡುವುದಕ್ಕೇನೂ ಇರಲಿಲ್ಲ. ಸೀಟಿನ ಮೇಲಿನ ದೂಳು ಒರೆಸಿದ. ಆ ದೂಳು ಎರಡನೆಯ ಸಲಕ್ಕೇ ಹೋಗಿತ್ತು. ಒಳಗೆ ಅವನ ಚಹಾ ಆರುತ್ತಿತ್ತು. ಕ್ಯಾರೆಟ್ ತೊಳೆಯುವ ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಐವತ್ತನಾಲ್ಕು ವರ್ಷದ ಗಂಡಸು, ಲಾವು ಬೆಟ್ಟದ ಅರ್ಧಪಾಲು ಕ್ಯಾರೆಟ್ಟನ್ನು ತೊಳೆದು ಪೇಟೆಗೆ ಕಳಿಸುವವನು, ಒಂದು ನಲ್ಲಿ ನಿಲ್ಲಿಸಲೂ ಮನಸ್ಸಿಲ್ಲದವನಂತೆ ಬೈಕು ನೋಡುತ್ತ ನಿಂತಿದ್ದ.

ಬೈಕು ಅವನಪ್ಪನದು. ಎಪ್ಪತ್ಮೂರರಲ್ಲಿ ಜಪಾನಿನಿಂದ ಹಡಗು ಹತ್ತಿ ಬಂದ ನೂರು ಸಿಸಿಯ ಗಾಡಿ. ಅದರ ಮೇಲೆ ಕೂತು ಗಿಯಾರ್ತೊ ರುಸ್ಮಿನಿಯನ್ನು ಹೆಣ್ಣು ನೋಡಲು ಹೋಗಿದ್ದ, ಅದರ ಮೇಲೆಯೇ ಅವಳನ್ನು ಮದುವೆಯಾಗಿ ಕರೆತಂದಿದ್ದ. ಇಪ್ಪತ್ತೊಂಬತ್ತು ವರ್ಷ ಅವಳು ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಮಾತಾಡದೆ ಕೂತು ಬಂದವಳು. ಮೂರು ವಾರದ ಹಿಂದೆ ಆ ಸವಾರಿ ನಿಂತಿತು.

ಚೆಮೊರೊ ಸೆವುವಿನಿಂದ ಸಾರಂಗಾನ್ ಕೆರೆಯ ಕಡೆಗೆ ಇಳಿಯುವ ರಸ್ತೆಯ ಕಡಿದಾದ ತಿರುವಿನಲ್ಲಿ, ಬ್ರೇಕು ಕೈಕೊಟ್ಟ ಬಸ್ಸುಗಳು ನುಗ್ಗಿ ನಿಲ್ಲಲಿ ಎಂದು ಮರಳು ತುಂಬಿದ ಒಂದು ಅಡ್ಡದಾರಿ ಮಾಡಿದ್ದಾರೆ. ಅದರಲ್ಲಿ ಬಸ್ಸು ನುಗ್ಗಿದ್ದನ್ನು ಯಾರೂ ನೋಡಿದವರಿಲ್ಲ. ಗಿಯಾರ್ತೊ ನುಗ್ಗಿದ್ದನ್ನು ಸುಮಾರು ಐವತ್ತು ಜನ ನೋಡಿದರು, ಏಕೆಂದರೆ ಅಲ್ಲಿ ಸುಟ್ಟ ಜೋಳ ತಿನ್ನಲು ಒಂದು ಪ್ರವಾಸಿ ಬಸ್ಸು ನಿಂತಿತ್ತು. ಕಾಲಿನ ಬ್ರೇಕು ಇಳಿಜಾರಿನುದ್ದಕ್ಕೂ ಕಾದು ಕಾದು, ಕೊನೆಗೆ ತುಳಿದರೆ ಹತ್ತಿಯ ಮೂಟೆ ತುಳಿದ ಹಾಗಾಗಿತ್ತು. ಬಲಗೈಯ ಬ್ರೇಕಿನ ಲಿವರಿನಲ್ಲಿ ಎಂದಿನಂತೆ ತೋಫುವಿನ ಚೀಲ ತೂಗುತ್ತಿತ್ತು. ಬೈಕು ಮರಳಿನಲ್ಲಿ ಸೊಂಟದವರೆಗೆ ಹೂತುಹೋಯಿತು. ರುಸ್ಮಿನಿ ಕೂತ ಭಂಗಿ ಬದಲಿಸದೆ ಪಕ್ಕದಲ್ಲಿ ಮರಳಿನ ಮೇಲೆ ಕೂತಿದ್ದಳು. ಜೋಳದವನು ಬೀಸಣಿಗೆ ನಿಲ್ಲಿಸಿ ನೋಡಿದ. ಪ್ರವಾಸಿಗಳು ಮೊದಲು ಫೋಟೊ ತೆಗೆದುಕೊಂಡು ಆಮೇಲೆ ಎತ್ತಲು ಬಂದರು.

ಅವಳು ಬೈಯಲಿಲ್ಲ. ಬೈದಿದ್ದರೆ ಒಂದು ಲೆಕ್ಕಕ್ಕೆ ಮುಗಿಯುತ್ತಿತ್ತು. ಅಂದಿನಿಂದ ಪಕ್ಕದ ಮನೆಯ ದಾರ್ಸೊನೊ ಜೊತೆ ಪೇಟೆಗೆ ಹೋಗತೊಡಗಿದಳು. ದಾರ್ಸೊನೊ ಕೆರೆಯ ದಂಡೆಯಲ್ಲಿ ಮೊಲದ ಮಾಂಸವನ್ನು ಕಡ್ಡಿಗೆ ಚುಚ್ಚಿ ಸಾಟೆ ಸುಟ್ಟು ಮಾರುವವನು. ಗೇರೇ ಇಲ್ಲದ, ಸದ್ದೇ ಮಾಡದ ಹೊಸ ಸ್ಕೂಟರು ಅವನದು. ಮೊನ್ನೆ ಅಕ್ಕಿ ಆರಿಸುತ್ತ ಅವಳು ತಲೆಯೆತ್ತದೆ ಹೇಳಿದ್ದಳು: "ಅಮ್ಮನ ಸಾವಿರದ ದಿನ ದಾರ್ಸೊನೊನೂ ಪ್ಲಾವೋಸಾನಿಗೆ ಇಳೀತಾನಂತೆ, ಪಾಕ್ನೆ." ಅವಳು ಗಂಡನನ್ನು ಮಕ್ಕಳಪ್ಪ ಎಂಬರ್ಥದಲ್ಲಿ ಪಾಕ್ನೆ ಎನ್ನುತ್ತಾಳೆ, ಅವನು ಅವಳನ್ನು ಮಕ್ಕಳಮ್ಮ, ಬೂನೆ ಎನ್ನುತ್ತಾನೆ.

ಅಷ್ಟೇ. ನಿಮ್ಮ ಜೊತೆ ಬರುವುದಿಲ್ಲ ಎಂದೇನೂ ಹೇಳಲಿಲ್ಲ. ಆದರೆ ಗಿಯಾರ್ತೊನ ಕಣ್ಣ ಮುಂದೆ ಅಂದಿನಿಂದ ಒಂದೇ ಚಿತ್ರ: ಪ್ಲಾವೋಸಾನಿನ ಅತ್ತೆಮನೆಯ ಅಂಗಳ, ಚಾಪೆಯ ಮೇಲೆ ಸಾಲಾಗಿ ಕೂತ ಅವಳ ಐವರು ಅಣ್ಣಂದಿರು, ಮೊಲದ ಸಾಟೆಯವನ ಸ್ಕೂಟರಿನಿಂದ ಇಳಿಯುವ ಕಿರಿಯ ತಂಗಿ, ಮತ್ತು ಎಷ್ಟೋ ಹಿಂದೆ, ಹೊಗೆ ಬಿಡುತ್ತ ಒಬ್ಬನೇ ಬರುವ ತಾನು. ಅಣ್ಣಂದಿರು ಏನೂ ಕೇಳುವವರಲ್ಲ. ಚಹಾ ಕೊಟ್ಟು, ದಾರಿ ಹೇಗಿತ್ತು ಎನ್ನುತ್ತಾರೆ.

ಐದು ದಿನದ ಸಂತೆವಾರದ ಪಾಹಿಂಗ್ ದಿನ ಬಂದದ್ದೇ ಅವನು ವ್ಯಾನು ಹಿಡಿದು ಮಾಗೆತಾನಿನ ಹಳೇ ಸಾಮಾನಿನ ಸಂತೆಗೆ ಓಡಿದ. ಐದು ದಿನಕ್ಕೊಮ್ಮೆ ಕೂಡುವ ಆ ಸಂತೆಯಲ್ಲಿ ಬೂ ಪೊನಿಯೆಮ್ ಟಾರ್ಪಾಲಿನ ಮೇಲೆ ಬ್ರೇಕಿನ ಡಿಸ್ಕುಗಳನ್ನು ಊಟದ ತಟ್ಟೆಗಳಂತೆ ಹರಡಿಕೊಂಡು ಕೂರುತ್ತಾಳೆ. ಅಲ್ಲಿ ಯಾರೂ ಮೊದಲು ಬೆಲೆ ಕೇಳುವುದಿಲ್ಲ. ಯಾರದಿತ್ತು ಎಂದು ಕೇಳುತ್ತಾರೆ. ಅಪಘಾತದಲ್ಲಿ ಹೋದವನ ಬೈಕಿನ ಒಂದು ಮೊಳೆಯನ್ನೂ ಯಾವ ಹೆಂಗಸೂ ಗೇಟಿನೊಳಗೆ ಬಿಡುವುದಿಲ್ಲ. ಬೂ ಪೊನಿಯೆಮ್‌ಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಅವಳ ಟಾರ್ಪಾಲಿನ ಮೇಲಿನ ಪ್ರತಿಯೊಂದು ಕಬ್ಬಿಣಕ್ಕೂ ಒಳ್ಳೆಯ ಮನೆತನವಿತ್ತು. ಈ ಕಾರ್ಬುರೇಟರು ಹೆಡ್ಮಾಸ್ತರದು, ಎರಡನೇ ಗೇರು ದಾಟಿದವರಲ್ಲ. ಈ ಕನ್ನಡಿ ವಿಧವೆಯದು, ಹಿಂದೆ ನೋಡಿದವಳೇ ಅಲ್ಲ. ಇಪ್ಪತ್ತು ವರ್ಷದ ಮಾರಾಟದಲ್ಲಿ ಅವಳ ಬಳಿ ಬಂದ ಒಂದು ಬೈಕೂ ಎಲ್ಲೂ ಬಿದ್ದಿರಲಿಲ್ಲ.

ಗಿಯಾರ್ತೊ ಒಂದು ಬೈಕಿನ ಇಡೀ ಮುಂಭಾಗವನ್ನೇ ಎತ್ತಿ ನೋಡಿದ: ಎರಡು ಫೋರ್ಕು, ಚಕ್ರ, ತಟ್ಟೆಯಗಲದ ತೂತು ತೂತಿನ ಡಿಸ್ಕು, ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಕ್ಯಾಲಿಪರು, ಎಣ್ಣೆಯ ಪುಟ್ಟ ಡಬ್ಬಿ ಹೊತ್ತ ಲಿವರು. ಯಾರದಿತ್ತು ಎಂದ.

"ಸೂಲಗಿತ್ತಿದು ಪಾಕ್," ಎಂದಳು ಬೂ ಪೊನಿಯೆಮ್, ಒಂದು ಕ್ಷಣವೂ ತಡೆಯದೆ. "ನೋಡಿ, ಸೂಲಗಿತ್ತಿ ಜೋರಾಗೂ ಹೋಗ್ಬೇಕು, ಮನೆ ಬಾಗಿಲಲ್ಲಿ ಸರಿಯಾಗಿ ನಿಲ್ಲಲೂಬೇಕು. ಎಷ್ಟು ಮಕ್ಕಳು ಈ ಬ್ರೇಕಿಂದ ಹುಟ್ಟಿವೆಯೋ ಯಾರಿಗ್ಗೊತ್ತು."

ಅವನು ನಂಬಲಿಲ್ಲ. ಆದರೆ ಮನೆಯಲ್ಲಿ ಹೇಳಲು ಇಷ್ಟು ಚೆನ್ನಾದ ಮಾತು ಮತ್ತೆ ಸಿಗುವುದಿಲ್ಲ ಎಂದು ಹೊತ್ತುಕೊಂಡು ಬಂದ. ರುಸ್ಮಿನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದಳು. ಸೂಲಗಿತ್ತಿಯದು ಎಂದು ಕೇಳಿದ ಮೇಲೆ ಒಳಗಿಡಲು ಬಿಟ್ಟಳು.

ಮೆಕ್ಯಾನಿಕ್ ತುಮಿರಾನ್ ಗಿಯಾರ್ತೊಗಿಂತ ಹತ್ತು ವರ್ಷ ದೊಡ್ಡವನು, ಅವನ ಬಾಯಲ್ಲಿ ಕಾಂಗ್, ಅಂದರೆ ಅಣ್ಣ. ಅವನ ಶೆಡ್ಡಿನಲ್ಲಿ ಎಲ್ಲ ಕೆಲಸಕ್ಕೂ ಒಂದೇ ಅವಧಿ: ನಾಳೆ. ಮೊದಲ ನಾಳೆ ಹೊಸ ಫೋರ್ಕು ಬೈಕಿನ ಹಳೆಯ ಕೊರಳಿಗೆ ಎರಡು ಮಿಲಿಮೀಟರ್ ದಪ್ಪವಾಯಿತು. ಕೊರೆಯಲು ಲೇತಿನವನ ಬಳಿ ಒಯ್ದರು. ಲೇತಿನವನು ಶುಕ್ರವಾರ ಮುಚ್ಚುತ್ತಿದ್ದ, ಏಳು ದಿನದ ವಾರವೂ ಐದು ದಿನದ ಸಂತೆವಾರವೂ ಕೂಡಿ ಮೂವತ್ತೈದು ದಿನಕ್ಕೊಮ್ಮೆ ಬರುವ ತನ್ನ ಜನ್ಮದಿನದಂದೂ ಮುಚ್ಚುತ್ತಿದ್ದ. ಆ ವಾರ ಎರಡೂ ಬೆನ್ನುಬೆನ್ನಿಗೆ ಬಂದವು. ಗಿಯಾರ್ತೊ ಮನೆಗೂ ಶೆಡ್ಡಿಗೂ ದಿನಕ್ಕೆ ಆರು ಸಲ ನಡೆದ. ಕೂತಲ್ಲಿ ಕೂರಲಿಲ್ಲ. ಒಮ್ಮೆ ಕೈಯಲ್ಲಿ ಕ್ಯಾರೆಟ್ಟಿನ ಬುಟ್ಟಿ ಹಿಡಿದುಕೊಂಡೇ ಶೆಡ್ಡಿಗೆ ಬಂದುಬಿಟ್ಟು, ಇದನ್ನೇಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡ. ತುಮಿರಾನ್ ಅದರಲ್ಲಿ ಎರಡು ತೆಗೆದುಕೊಂಡು ತಿಂದ.

ಆರು ದಿನ ಉಳಿದಾಗ ತುಮಿರಾನ್ ಹಳೆಯ ಮುಂಚಕ್ರ ಬಿಚ್ಚಿದ. ಬ್ರೇಕಿನ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಇಣುಕಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಆಮೇಲೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂಗಳನ್ನು ಹೊರತೆಗೆದು ಬಟ್ಟೆಯ ಮೇಲಿಟ್ಟ. ಅವು ಸವೆದಿರಲಿಲ್ಲ. ಕಾರ್ಖಾನೆಯವರು ಬಳಿದ ಬಿಳಿ ಗುರುತು ಕೂಡ ಅಂಚಿನಲ್ಲಿ ಹಾಗೇ ಇತ್ತು.

"ಗಿಯಾರ್, ಇವನ್ನ ಯಾವಾಗ ಹಾಕ್ಸಿದ್ದು?"

ಹಾಕಿಸಿಯೇ ಇಲ್ಲ ಎಂದ ಗಿಯಾರ್ತೊ. ಬೈಕಿನ ಜೊತೆ ಬಂದವು.

"ಅಂದ್ರೆ ಐವತ್ತು ವರ್ಷ. ಮದುವೆಯಾಗಿ ಗಂಡನ ಮುಖಾನೇ ನೋಡದ ಹೆಣ್ಣಿನ ಹಾಗಿವೆಯಲ್ಲೋ. ಈ ಲಿವರನ್ನ ನೀನು ಏನಕ್ಕೆ ಬಳಸ್ತಿದ್ದೆ?"

ಗಿಯಾರ್ತೊ ಲಿವರಿನ ಕಡೆ ನೋಡಿದ. ಅದು ತುದಿಯಲ್ಲಿ ಕೆಳಕ್ಕೆ ಬಾಗಿತ್ತು. ಚೀಲದ ಭಾರಕ್ಕೆ ಬಾಗಿದ್ದು. ತೋಫು, ತೆಂಪೆ, ಮೆಣಸಿನಕಾಯಿ, ಮಕ್ಕಳ ಶಾಲೆಯ ಚಪ್ಪಲಿ; ಐವತ್ತು ವರ್ಷ ಆ ಮನೆಯ ಸಾಮಾನೆಲ್ಲ ಅಲ್ಲಿ ತೂಗಿಕೊಂಡು ಬಂದಿತ್ತು. ಅಪ್ಪ ಬೈಕು ತಂದ ಮೊದಲ ವಾರವೇ ಊರ ಮುಖ್ಯಸ್ಥನ ಮನೆಯೆದುರು ಮುಂದಿನ ಬ್ರೇಕು ಒತ್ತಿ, ಹ್ಯಾಂಡಲಿನ ಮೇಲಿಂದ ಹಾರಿ, ಮುಖ್ಯಸ್ಥನ ಕಾಲಬುಡದಲ್ಲಿ ಬಿದ್ದಿದ್ದನಂತೆ. ಅಂದೇ ಕೇಬಲ್ಲು ಸಡಿಲಿಸಿ, ಮಗನಿಗೆ ಬೈಕು ಕಲಿಸುವಾಗ ಒಂದೇ ಪಾಠ ಹೇಳಿದ್ದ: ಮುಂದಿನದು ಕೊಲ್ಲುತ್ತೆ, ಕಾಲಿನದು ಕಾಯುತ್ತೆ. ಬೆಟ್ಟದ ಮುಕ್ಕಾಲು ಪಾಲು ಗಂಡಸರು ಇದೇ ಪಾಠ ಕಲಿತವರು.

ತುಮಿರಾನ್ ತನಗೆ ತೋಚಿದ್ದನ್ನು ಹೇಳಿದ. ಹೊಸ ಕೇಬಲ್ಲೊಂದು ಹಾಕಿ, ಇವನ್ನೇ ಉಜ್ಜಿ ಕೂರಿಸಿದರೆ ಒಂದು ಗಂಟೆಯ ಕೆಲಸ, ಬೈಕು ನಿಲ್ಲುತ್ತದೆ. ಸೂಲಗಿತ್ತಿಯನ್ನು ಬೂ ಪೊನಿಯೆಮ್‌ಗೆ ಹಿಂದಿರುಗಿಸಬಹುದು.

ಗಿಯಾರ್ತೊ ಒಪ್ಪಲಿಲ್ಲ. ಇಷ್ಟು ದಿನ ಊರಿಗೆಲ್ಲ ಡಿಸ್ಕು ಡಿಸ್ಕು ಎಂದು ಹೇಳಿಕೊಂಡು ತಿರುಗಿ, ಈಗ ಮನೆಯಲ್ಲಿ ಬ್ರೇಕು ಇತ್ತು, ನಾನು ಹಿಡಿದಿರಲಿಲ್ಲ ಎಂದು ಹೇಳುವುದು ಹೇಗೆ? "ಡಿಸ್ಕೇ ಹಾಕು ಕಾಂಗ್," ಎಂದ. "ಇದು ಯಾರಿಗೂ ಗೊತ್ತಾಗೋದು ಬೇಡ."

ತುಮಿರಾನ್ ಯಾರಿಗೂ ಹೇಳಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಡಿಸ್ಕು ಕೂತಿತು. ಲಿವರು ಮೊದಲು ಬೆಣ್ಣೆಯಂತೆ ಒಳಗೆ ಹೋಯಿತು. ಎಣ್ಣೆಯ ನಳಿಗೆಯಲ್ಲಿ ಗಾಳಿ ಸೇರಿದೆ ಎಂದ ತುಮಿರಾನ್. ಒಬ್ಬ ಒತ್ತುವುದು, ಇನ್ನೊಬ್ಬ ಕೆಳಗಿನ ತಿರುಪು ಸಡಿಲಿಸಿ ಗುಳ್ಳೆ ಬಿಡುವುದು, ಮತ್ತೆ ಬಿಗಿಯುವುದು: ಹೀಗೆ ಒಂದು ಮಧ್ಯಾಹ್ನ ಕಳೆದ ಮೇಲೆ ಲಿವರು ಕಲ್ಲಿನಂತೆ ನಿಂತಿತು. ತಳ್ಳಿ ನೋಡಿದರೆ ಎರಡು ಬೆರಳಿನ ಒತ್ತಿಗೆ ಚಕ್ರ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಗಿಯಾರ್ತೊ ಹತ್ತು ಸಲ ತಳ್ಳಿದ, ಹತ್ತು ಸಲವೂ ನಿಲ್ಲಿಸಿದ. ವಾರದಲ್ಲಿ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಮರುದಿನ ಒಬ್ಬನೇ ಇಳಿಜಾರಿಗೆ ಹೋದ. ಪೈನ್ ಮರಗಳ ನಡುವೆ ಬೈಕು ಜುಮ್ಮೆಂದು ಇಳಿಯಿತು. ಕಡಿದಾದ ತಿರುವು ಎದುರಾಯಿತು. ಬಲಗಾಲು ಒತ್ತಿತು. ಇನ್ನೂ ಒತ್ತಿತು. ಹಿಂದಿನಿಂದ ಸುಟ್ಟ ವಾಸನೆ ಬಂತು, ಕಾಲಡಿಯ ಪೆಡಲು ಮತ್ತೆ ಹತ್ತಿಯ ಮೂಟೆಯಾಯಿತು, ಗಿಯಾರ್ತೊ ಹಲ್ಲು ಕಚ್ಚಿ ಇನ್ನಷ್ಟು ತುಳಿದ. ಸೂಲಗಿತ್ತಿಯ ಬ್ರೇಕು ಬೆರಳಿನಿಂದ ಒಂದು ಇಂಚು ದೂರದಲ್ಲಿ ಫಳಫಳ ಹೊಳೆಯುತ್ತ, ಅವನ ಜೊತೆಗೇ ಮರಳಿನೊಳಗೆ ಹೋಯಿತು.

ಜೋಳದವನು ಬೀಸಣಿಗೆ ಕೆಳಗಿಟ್ಟು ಬಂದು ಬೈಕು ಎತ್ತಲು ಕೈಕೊಟ್ಟ. ಈ ಸಲ ಮನೆಯಾಕೆ ಬರಲಿಲ್ಲವೇ ಎಂದು ವಿಚಾರಿಸಿದ. ಒಂದು ಜೋಳ ಸುಡಲೇ ಎಂದ.

ಗಿಯಾರ್ತೊ ಮರಳಿನ ಅಂಚಿನಲ್ಲಿ ಕೂತು ಜೋಳ ತಿಂದ. ಲಿವರಿನ ಮೇಲೆ ಬೆರಳಿನ ಗುರುತು ಒಂದೂ ಇರಲಿಲ್ಲ. ಬ್ರೇಕು ಬದಲಾಗಿತ್ತು, ಬದಲಾಗಬೇಕಾದದ್ದು ಸಂತೆಯಲ್ಲಿ ಸಿಗುವಂಥದ್ದಲ್ಲ. ಉಳಿದದ್ದು ನಾಲ್ಕು ದಿನ. ಅವನು ಬೈಕನ್ನು ಮತ್ತೆ ಮೇಲಕ್ಕೆ ಓಡಿಸಿದ, ಮತ್ತೆ ಇಳಿದ, ಮೊದಲ ಗೇರಿನಲ್ಲಿ, ನಡೆಯುವವರು ಹಿಂದೆ ಹಾಕುವಷ್ಟು ನಿಧಾನ. ಪ್ರತಿ ಮರದ ಬಳಿಯೂ ಕೈ, ಕೈ ಎಂದು ಬಾಯಿಬಿಟ್ಟು ಹೇಳಿಕೊಂಡ. ಪ್ರತಿ ಮರದ ಬಳಿಯೂ ಕಾಲು ಮೊದಲು ಹೋಗುತ್ತಿತ್ತು. ಎರಡನೆಯ ದಿನ ಬಲಗಾಲಿನ ಚಪ್ಪಲಿ ಬಿಚ್ಚಿಟ್ಟು ಇಳಿದ. ಪೆಡಲಿನ ತಣ್ಣನೆಯ ಕಬ್ಬಿಣ ತಗುಲಿದಾಗ ಕಾಲಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಾಗತೊಡಗಿತು. ಮೂರನೆಯ ದಿನದ ಹೊತ್ತಿಗೆ ಹತ್ತರಲ್ಲಿ ಏಳು ಸಲ ಕೈ ಗೆದ್ದಿತು. ಜೋಳದವನು ದೂರದಿಂದಲೇ ಬೆರಳೆತ್ತಿ ಲೆಕ್ಕ ಹೇಳುತ್ತಿದ್ದ. ಉಳಿದ ಮೂರರ ಯೋಚನೆಯಲ್ಲಿ ಗಿಯಾರ್ತೊಗೆ ಅನ್ನ ಸೇರಲಿಲ್ಲ.

ಸಾವಿರದ ದಿನ ಬೆಳಗ್ಗೆ ಅವನು ಅಂಗಳದಲ್ಲಿ ಬೈಕು ಶುರುಮಾಡಿಕೊಂಡು ಕಾದ. ಗೇಟಿನ ಹೊರಗೆ ದಾರ್ಸೊನೊನ ಸ್ಕೂಟರೂ ನಿಂತಿತ್ತು. ದಾರ್ಸೊನೊ ಕೆಟ್ಟವನೇನಲ್ಲ. ಬೈಕಿನ ಮುಂಚಕ್ರ ನೋಡಿ, ಭಾರಿ ಚೆನ್ನಾಗಿದೆ, ನಮ್ಮ ರಸ್ತೆಗೆ ಬೇಕಾದ್ದೇ ಎಂದು ಮನಸಾರೆ ಹೊಗಳಿದ. ಅದು ಗಿಯಾರ್ತೊನಿಗೆ ಮುಳ್ಳಿನಂತೆ ಚುಚ್ಚಿತು.

ರುಸ್ಮಿನಿ ಕೆಬಾಯ ರವಿಕೆ ತೊಟ್ಟು, ಮುಡಿ ಕಟ್ಟಿ ಹೊರಬಂದಳು. ಕೈಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಚೀಲ. ಅಮ್ಮನ ಹೆಸರಿನಲ್ಲಿ ಹಂಚಲು ಬೆಳಗಿನ ಜಾವದಿಂದ ಬೇಯಿಸಿದ ಆಪೆಮ್ ಕಡುಬು. ಅವಳು ಸ್ಕೂಟರಿನ ಕಡೆಗೂ ಹೋಗಲಿಲ್ಲ, ಬೈಕಿನ ಕಡೆಗೂ ಬರಲಿಲ್ಲ. ನಡುವೆ ನಿಂತಳು.

"ತುಮಿರಾನ್ ಹೆಂಡ್ತಿ ಗುರುವಾರ ಹೆಂಗಸರ ಪ್ರಾರ್ಥನೆ ಪಠಣದಲ್ಲಿ ಹೇಳಿದ್ಳು," ಎಂದಳು. "ಹಳೇ ಬ್ರೇಕು ಹೊಸದರ ಹಾಗೇ ಇತ್ತಂತೆ."

ಗಿಯಾರ್ತೊ ಎಂಜಿನು ಆರಿಸಿದ. ಸದ್ದು ನಿಂತ ಮೇಲೆ ಹೇಳಲು ಇನ್ನೂ ಕಷ್ಟವಾಯಿತು. ಹೂಂ ಎಂದ.

"ಇದ್ದ ಬ್ರೇಕನ್ನೇ ಹಿಡೀದವರು ಹೊಸದನ್ನ ಹಿಡೀತೀರಾ, ಪಾಕ್ನೆ?"

ಅದಕ್ಕೆ ಅವನ ಬಳಿ ಹತ್ತರಲ್ಲಿ ಏಳು ಎಂಬ ಉತ್ತರವಿತ್ತು. ಅದು ಹೆಂಡತಿಯ ಮುಂದೆ ಹೇಳುವ ಉತ್ತರವಲ್ಲ. ಅವನು ಸುಮ್ಮನೆ ಕೈಚಾಚಿದ, ಮತ್ತು ಅವಳು, ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದಿಂದ, ಚೀಲವನ್ನು ಆ ಕೈಗೆ ಕೊಟ್ಟಳು. ಅವನ ಕೈ, ಅದೇ ಅಭ್ಯಾಸದಿಂದ, ಚೀಲವನ್ನು ಬಲಗಡೆಯ ಲಿವರಿನತ್ತ ಒಯ್ದಿತು. ಚೀಲದ ಕಿವಿ ಲಿವರಿನ ತುದಿಗೆ ತಾಗಿತು ಕೂಡ.

ಅಲ್ಲಿ ಕೈ ನಿಂತಿತು. ಗಿಯಾರ್ತೊ ತನ್ನ ಕೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದ. ಆಮೇಲೆ ಚೀಲವನ್ನು ಅವಳಿಗೇ ಹಿಂದಿರುಗಿಸಿದ.

"ನೀನೇ ಹಿಡ್ಕೋ, ಬೂನೆ. ಇಲ್ಲಿ ಜಾಗ ಇಲ್ಲ."

ರುಸ್ಮಿನಿ ಖಾಲಿ ಲಿವರನ್ನು ನೋಡಿದಳು. ಐವತ್ತು ವರ್ಷದಲ್ಲಿ ಆ ಬೈಕಿನ ಮೇಲೆ ಅದು ಖಾಲಿಯಿದ್ದದ್ದನ್ನು ಈ ಮನೆಯವರು ನೋಡಿರಲಿಲ್ಲ. ಅವಳು ದಾರ್ಸೊನೊ ಕಡೆ ತಿರುಗಿ, ನೀನು ಮುಂದೆ ನಡಿ, ಅಣ್ಣಂದಿರಿಗೆ ನಾವು ನಿಧಾನಕ್ಕೆ ಬರ್ತೀವಿ ಅಂತ ಹೇಳು ಎಂದಳು. ಸೆರಗಿನಂಥ ಸೆಲೆಂದಾಂಗ್ ಬಟ್ಟೆಯಲ್ಲಿ ಚೀಲವನ್ನು ಮಗುವಿನಂತೆ ಮಡಿಲಿಗೆ ಕಟ್ಟಿಕೊಂಡು, ಒಂದೇ ಕಡೆ ಕಾಲಿಳಿಬಿಟ್ಟು ಕೂತಳು. ಗಿಯಾರ್ತೊ ಬಲಗಾಲಿನ ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಅವನ ಬರಿಗಾಲನ್ನೂ ಅದರಡಿಯ ಪೆಡಲನ್ನೂ ಬಗ್ಗಿ ನೋಡಿಕೊಂಡಳು.

ಪೈನ್ ಮರಗಳು ಕಳೆದವು. ಇಳಿಜಾರು ಕಡಿದಾಯಿತು. ಎದುರಿನ ತಿರುವಿನಲ್ಲಿ ಮರಳಿನ ದಾರಿ ಬಾಯಿ ತೆರೆದು ಮಲಗಿತ್ತು. ಜೋಳದವನು ಆಗಲೇ ಬೀಸಣಿಗೆ ಕೆಳಗಿಟ್ಟಿದ್ದ. ಗಿಯಾರ್ತೊನ ಬಲಮೊಣಕಾಲು ತಾನಾಗಿ ಬಿಗಿಯಿತು. ಹಿಂದಿನಿಂದ ಚಪ್ಪಲಿ ಹಿಡಿದ ಕೈ ಬಂದು ಆ ಮೊಣಕಾಲಿಗೆ ಪಟ್ಟೆಂದು ಬಡಿಯಿತು.

"ಕೈ, ಪಾಕ್ನೆ."

ಕೈ ಒತ್ತಿತು. ಎರಡು ಬೆರಳು ಸಾಕಾಗಿತ್ತು. ಅವನು ನಾಲ್ಕೂ ಹಾಕಿದ್ದ. ಬೈಕು ಮೂಗು ತಗ್ಗಿಸಿ, ತಿರುವಿಗೆ ಇನ್ನೂ ಹತ್ತು ಮಾರು ಇರುವಾಗಲೇ ನಡುರಸ್ತೆಯಲ್ಲಿ ಕಂಬದಂತೆ ನಿಂತುಬಿಟ್ಟಿತು. ರುಸ್ಮಿನಿಯ ಹಣೆ ಅವನ ಬೆನ್ನಿಗೆ ಬಡಿಯಿತು. ಎಂಜಿನು ಆರಿಹೋಯಿತು.

ಅವಳು ಮೊದಲು ಮಡಿಲಿನ ಕಡುಬು ಮುಟ್ಟಿ ನೋಡಿಕೊಂಡಳು, ಆಮೇಲೆ ಮುಡಿ.

"ಇಷ್ಟೆಲ್ಲ ನಿಲ್ಲೋದು ಬೇಡ," ಎಂದಳು. "ಅಮ್ಮ ಕಾಯ್ತಿರ್ತಾಳೆ. ನಡೀರಿ."