ಮನೆಯ ಮೇಲೆ ಚಾಡಿ

ಮನೆ ಮಾರುತ್ತೇನೆಂದು ಒಡತಿ ಹೇಳಿಕಳಿಸಿದ ದಿನದಿಂದ ಟೈಲರಮ್ಮನಿಗೆ ಹೊಸದೊಂದು ಕೆಲಸ ಅಂಟಿಕೊಂಡಿತ್ತು. ನೋಡಲು ಬಂದವರಿಗೆ ಮನೆ ತೋರಿಸುವುದು. ತೋರಿಸುತ್ತಲೇ ಅದರ ಮೇಲೆ ಚಾಡಿ ಹೇಳುವುದು.

ಕೋಟೆಗೋಡೆಯ ಒಳಗಿನ ಹಳೇ ಬೀದಿ ಅದು. ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಮದುವೆಯಾಗಿ ಬಾಡಿಗೆಗೆ ಬಂದಾಗಿನಿಂದ ಅವಳು ಇಲ್ಲೇ ಕಿಟಕಿ ಪಕ್ಕ ಮಿಷನ್ ಹಾಕಿಕೊಂಡು ಬೀದಿಯವರ ಬಟ್ಟೆಯೆಲ್ಲ ಹೊಲಿದಿದ್ದಳು. ಮಗಳು ನಡೆಯಲು ಕಲಿತದ್ದೂ ಈ ಗೋಡೆ ಹಿಡಿದೇ.

“ಬೇರೆಯವರು ಹೂಂ ಅನ್ನೋದರೊಳಗೆ ನೀವು ಹೂಂ ಅಂದರೆ ಮನೆ ನಿಮಗೇ” ಎಂದಿದ್ದಳು ಒಡತಿ. ಆದರೆ ಹೂಂ ಅನ್ನಬೇಕಾದ ಗಂಡ, ಬಸ್ ಡ್ರೈವರ್, “ನೋಡೋಣ” ಎನ್ನುತ್ತ ದಿನ ತಳ್ಳುತ್ತಿದ್ದ. ಅವನ ಎತ್ತರಕ್ಕೂ ಈ ಮನೆಯ ಬಾಗಿಲಿಗೂ ಆಗಿಬರುತ್ತಿರಲಿಲ್ಲ. ತಲೆ ಬಡಿಸಿಕೊಂಡಾಗಲೆಲ್ಲ ಊರಾಚೆಯ ಹೊಸ ಫ್ಲ್ಯಾಟುಗಳನ್ನು ನೆನೆಯುತ್ತಿದ್ದ. ಅವನು ಮನಸ್ಸು ಮಾಡುವವರೆಗೆ ಬಂದವರನ್ನು ಸಾಗಹಾಕಬೇಕಲ್ಲ!

ಆ ಭಾನುವಾರ ಬಂದವರು ಹೊಸದಾಗಿ ಮದುವೆಯಾದ ಜೋಡಿ. ಟೈಲರಮ್ಮನ ಗಂಡ ಒಳಕೋಣೆಯಲ್ಲಿ ಮಲಗಿದ್ದ.

“ಮೊದಲೇ ಹೇಳಿಬಿಡ್ತೀನಿ, ಆಮೇಲೆ ಅಕ್ಕ ಹೇಳಲಿಲ್ಲ ಅನ್ನಬೇಡಿ. ಮಳೆಗಾಲ ಬಂತಂದ್ರೆ ಈ ಗೋಡೆ ಬೆವರುತ್ತೆ. ಮೆಟ್ಟಿಲು ನಡುವೆ ಸವೆದು ಗುಳಿ ಬಿದ್ದಿದೆ. ಪುರಾತನ ಬೀದಿ ಅಂತ, ಹೊರಗೋಡೆಗೆ ಒಂದು ಮೊಳೆ ಹೊಡೆಯೋಕೂ ಕಚೇರಿಗೆ ಅಲೀಬೇಕು. ಪಕ್ಕದ ಮನೆಯವರು ಸೀನಿದ್ರೆ ಇಲ್ಲಿ ನಾವು ಮೂಗು ಒರೆಸ್ಕೋಬೇಕು!”

ಹುಡುಗ ಮುಖ ಸಿಂಡರಿಸಿದ. ಹುಡುಗಿ ಮಾತ್ರ ಮೆಟ್ಟಿಲ ಗುಳಿಯಲ್ಲಿ ಒಂದು ಗಳಿಗೆ ಕೂತು ಎದ್ದಳು.

ಅವರು ಹೋದಮೇಲೆ ಟೈಲರಮ್ಮ ಗೋಡೆ ಸವರಿ, “ಬೇಜಾರು ಮಾಡ್ಕೋಬೇಡ” ಎಂದು ಮನೆಗೆ ಪಿಸುಗುಟ್ಟಿದಳು. ಅಷ್ಟರಲ್ಲಿ ಗಂಡ ಎದ್ದು ಬಂದ.

“ಸದ್ಯ, ಈಗಲಾದ್ರೂ ಬಾಯಿ ಬಿಟ್ಟೆಯಲ್ಲ! ಬೆವರೋ ಗೋಡೆ, ಗುಳಿಬಿದ್ದ ಮೆಟ್ಟಿಲು... ನಿನಗೆ ಬಿಟ್ಟು ಬರೋಕೆ ಮನಸ್ಸಿಲ್ಲವೇನೋ ಅಂದ್ಕೊಂಡು ಸುಮ್ಮನಿದ್ದೆ. ಬೇಡ ಅಂತ ಒಡತಿಗೆ ಇವತ್ತೇ ಹೇಳಿಬಿಡ್ತೀನಿ.”

ಅವಳು ಅವನ ತೋಳು ಹಿಡಿದಳು. “ಅದು ಅವರನ್ನ ಓಡಿಸೋಕೆ ಹೇಳಿದ್ದು ಕಣ್ರೀ!”

“ಓಡಿಸೋಕಾ? ಯಾಕೆ?”

ಇಷ್ಟು ವರ್ಷದಲ್ಲಿ ಈ ಮನೆಯ ಆಸೆಯನ್ನು ಅವನಿಗೆ ಬಾಯಿಬಿಟ್ಟು ಹೇಳಿಯೇ ಇರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು.

“ಬೆಳಿಗ್ಗೆ ಈ ಕಿಟಕೀಲಿ ಬರೋ ಬೆಳಕಿಗೆ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸ್ತೀನಿ. ಆ ಗುಳಿ ಸವೆಸಿದೋರು ಯಾರೋ ಏನೋ, ನಿಮ್ಮ ದಾರಿ ನೋಡ್ತಾ ಅಲ್ಲಿ ಕೂತಾಗ, ಇಲ್ಲಿ ಕಾದೋಳು ನಾನೊಬ್ಬಳೇ ಅಲ್ಲ ಅನ್ಸುತ್ತೆ. ನೀವು ರಾತ್ರಿಪಾಳಿಗೆ ಹೋದಾಗ ಪಕ್ಕದ ಮನೆ ಸೀನೇ ನನಗೆ ಧೈರ್ಯ. ಬೇರೆಯವರ ಮನೇನ ನಂದು ಅಂದ್ಕೊಂಡೇ ಗುಡಿಸಿದೀನಿ ರೀ. ಒಂದು ದಿನ ನಿಜವಾಗ್ಲೂ ನಂದು ಅಂತ ಗುಡಿಸಬೇಕು.”

ಬಾಗಿಲಲ್ಲಿ ಸದ್ದಾಯಿತು. ಅದೇ ಹುಡುಗಿ. “ಕೊಡೆ ಮರೆತು ಹೋಗಿದ್ದೆ ಅಕ್ಕಾ...”

ಟೈಲರಮ್ಮ ತಿರುಗಿ ಹುಡುಗಿಯ ಮುಖ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದಾಳೆ.

“ನೀವು ದೂರು ಹೇಳ್ತಿದ್ದಾಗಲೇ ಅನ್ಕೊಂಡೆ, ಅಮ್ಮ ಮಕ್ಕಳನ್ನ ಬೈಯೋ ಹಾಗಿದೆಯಲ್ಲಾ ಅಂತ. ತಗೊಳ್ಳೋಣ ಅಂತ ಬೀದಿ ತಿರುವಿನಲ್ಲೇ ನಮ್ಮವರ ತಲೆ ತಿಂದು ಒಪ್ಪಿಸಿದೆ.” ಹುಡುಗಿ ಡ್ರೈವರನ ಕಡೆ ತಿರುಗಿದಳು. “ನೀವು ತಗೋತೀರಾ ಅಣ್ಣಾ? ಇಲ್ಲಾಂದ್ರೆ...”

ಡ್ರೈವರ್ ಹುಡುಗಿಯ ಮುಖ ನೋಡಿದ. ಆ ಮುಖದ ಆಸೆ ಅವನಿಗೆ ಹೊಸದಲ್ಲ. ಪ್ರತಿದಿನ ಕಿಟಕಿ ಪಕ್ಕ ಹೆಂಡತಿಯ ಮುಖದಲ್ಲಿ ಕಂಡದ್ದೇ. ಏನೆಂದು ಮಾತ್ರ ತಿಳಿದಿರಲಿಲ್ಲ.

“ತಗೋತೀವಮ್ಮ” ಎಂದ. ಒಡತಿಗೆ ಹೇಳೋಣವೆಂದರೆ ದಪ್ಪ ಗೋಡೆಗಳ ನಡುವೆ ಫೋನು ಹತ್ತುವುದಿಲ್ಲವೆಂದು ಹೊರಗೆ ಹೊರಟವನು ಧಡಾರನೆ ತಲೆ ಬಡಿಸಿಕೊಂಡ. “ಇರಲಿ, ಇನ್ಮೇಲೆ ನಮ್ಮ ಬಾಗಿಲೇ ತಾನೆ” ಎಂದು ಹಣೆ ಉಜ್ಜಿಕೊಂಡ.

ಹುಡುಗಿ ನಕ್ಕಳು. ಆ ನಗು ಮೆಟ್ಟಿಲಿಳಿಯುವವರೆಗೂ ಉಳಿಯಲಿಲ್ಲ. ಬೀದಿಯ ಗೋಡೆಗಳ ಮೇಲೆ ಕೈಯಾಡಿಸುತ್ತ, ಒಂದೊಂದೇ ಮನೆಯನ್ನು ತಲೆಯೆತ್ತಿ ನೋಡುತ್ತ ಹೋದಳು. ತಿರುವಿನಲ್ಲಿ ಮರೆಯಾದ ಮೇಲೆ ನೋಡಿದರೆ ಕೊಡೆ ಗೂಟದಲ್ಲೇ ನೇತಾಡುತ್ತಿತ್ತು.

ಟೈಲರಮ್ಮ ಪೊರಕೆ ಹಿಡಿದಳು. ಗುಡಿಸಲು ಯಾಕೋ ಕೈ ಬರಲಿಲ್ಲ. ಪೊರಕೆಯನ್ನು ಮೂಲೆಗಿಟ್ಟು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಮೆಟ್ಟಿಲ ಗುಳಿಯಲ್ಲಿ ಕೂತಳು, ಇನ್ನೊಬ್ಬರಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದು.