ಸೇತುವೆ ಕೆಳಗಿನ ಹಿಂಡು

ಪಟ್ಟಿಯಲ್ಲಿ ನಾಲ್ಕು ಕಾಲಮ್‌ಗಳಿದ್ದವು: ಗೋಡೆಯ ಫೋಟೊ, ಉದ್ದ, ಈಗಿನ ಸ್ಥಿತಿ, ಯಾರದು.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನ ಹೊಲಸು ಗೋಡೆಗಳಿಗೆ ಬಿಳಿ ಬಣ್ಣ ಬಳಿಯುವ ಗುತ್ತಿಗೆ ಹಿಡಿದ ಕಚೇರಿಯಲ್ಲಿ ಆ ಪಟ್ಟಿ ತುಂಬುವುದು ನನ್ನ ಕೆಲಸ. ಸೇತುವೆಯ ಕೆಳಗೆ, ಬಸ್ ನಿಲ್ದಾಣದ ಹಿಂದೆ, ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ, ರೈಲ್ವೆ ಗೇಟಿನ ಪಕ್ಕದಲ್ಲಿ ಇರುವ ಗೋಡೆಗಳು. ಅಂಥ ಜಾಗಗಳಿಗೆ ಯಾವ ನಕ್ಷೆಯಲ್ಲೂ ಹೆಸರಿರುವುದಿಲ್ಲ. ನಾಲ್ಕನೇ ಕಾಲಮಿನಲ್ಲಿ ನಾನು ಹೆಚ್ಚಾಗಿ ‘ಯಾರದೂ ಅಲ್ಲ’ ಎಂದೇ ಬರೆಯುತ್ತಿದ್ದೆ. ಹಾಗೆ ಬರೆದರೆ ಯಾರ ಒಪ್ಪಿಗೆಯೂ ಬೇಕಿಲ್ಲ. ವಾರದೊಳಗೆ ಗೋಡೆ ಬೆಳ್ಳಗಾಗುತ್ತದೆ.

ಕಲಬುರಗಿಯಲ್ಲಿ ಎಂ.ಎ. ಓದುವಾಗ ನಾನು ಬರೆದ ಪ್ರಬಂಧ ಪಟ್ಟಣಗಳ ಸಾರ್ವಜನಿಕ ಜಾಗಗಳ ಕುರಿತದ್ದು. ತೊಂಬತ್ತು ಪುಟ. ಅದರಲ್ಲಿ ನಾನು ಕಣ್ಣಾರೆ ನೋಡಿದ ಒಂದು ಗೋಡೆಯೂ ಇಲ್ಲ.

ನನ್ನ ಗಂಡ ಬಾಲರಾಜ ಗೋಡೆ ಬರೆಯುವ ಪೇಂಟರ್. ಸಿಮೆಂಟಿನ ಜಾಹೀರಾತು, ಬೀಜದ ಕಂಪನಿಗಳ ಹೆಸರು, ಶಾಲೆಯ ಬೋರ್ಡು ಬರೆಯುತ್ತಿದ್ದರು. ಡಬ್ಬಿಯ ತಳದಲ್ಲಿ ಬಣ್ಣ ಉಳಿದರೆ ಯಾವುದಾದರೂ ಸಂದಿ ಹುಡುಕಿ ಅಲ್ಲಿ ಕುರಿ ಬರೆಯುತ್ತಿದ್ದರು. ಅವರದು ನಾಗಲಗಿದ್ದದ ಕಡೆಯ ಹಳ್ಳಿ, ಕುರಿ ಸಾಕುವ ಮನೆ. ನಾನೂ ಅದೇ ಜನರವಳು, ಆದರೆ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಕುರಿ ಇಲ್ಲ. ನನ್ನ ತಂದೆ ಮಾಸ್ತರರು. ಆ ಮಾತನ್ನು ನಾನು ಮದುವೆಯಾದ ಮೇಲೆ ಗಂಡನೆದುರು ಎಷ್ಟು ಸಲ ಹೇಳಿದ್ದೆನೋ.

ಅವರು ಬರೆದ ಪ್ರತಿ ಕುರಿಗೂ ಒಂದೇ ಗುರುತು. ಕುತ್ತಿಗೆಗೆ ಅಡ್ಡಲಾಗಿ ಕೆಂಪು ಪಟ್ಟೆ, ಎಡ ತೊಡೆಯ ಮೇಲೆ ಎರಡು ಬೆರಳಿನಷ್ಟು ನೀಲಿ. ಅದು ಅವರ ಮನೆಯ ಗುರುತು. ಕೆಳಗೆ ಹೆಸರು ಹಾಕುತ್ತಿರಲಿಲ್ಲ.

ಮದುವೆಯಾದ ವರ್ಷ ನಾನು ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಜೊತೆಯ ಇಬ್ಬರು ಅಧ್ಯಾಪಕಿಯರೊಂದಿಗೆ ಜಹೀರಾಬಾದಿನ ಸೇತುವೆಯ ಕೆಳಗಿನಿಂದ ಬರುತ್ತಿದ್ದೆ. ಮೂತ್ರದ ವಾಸನೆಗೆ ನಾವು ಸೆರಗು ಮೂಗಿಗೆ ಹಿಡಿದಿದ್ದೆವು. ಬಾಲರಾಜ ಅಲ್ಲಿ ಸ್ಟೂಲಿನ ಮೇಲೆ ನಿಂತು ಬರೆಯುತ್ತಿದ್ದರು.

‘ಸೌಂದರ್ಯಾ, ಒಂದ್ ನಿಮಿಷ ಬಾ. ಇದರ ಕಿವಿ ನೋಡು.’

ನಾನು ಅತ್ತ ತಿರುಗಲಿಲ್ಲ.

‘ಯಾರ್ರಿ ಅವ್ರು? ಹೆಸರ್ ಹಿಡದ್ ಕರೀಲತಾರ?’ ಎಂದು ಒಬ್ಬಾಕೆ ಕೇಳಿದಳು.

‘ಹ್ವಾದ ವಾರ ಮನಿಗಿ ಬಣ್ಣ ಹಚ್ಚಾಕ ಬಂದಿದ್ರು’ ಎಂದೆ.

ಅವರಿಗೆ ಕೇಳಿಸಿತ್ತು. ಸಂಜೆ ಮನೆಗೆ ಬಂದು ಕೈಕಾಲು ತೊಳೆದರು. ರೊಟ್ಟಿ ಕೊಟ್ಟೆ, ಉಂಡರು. ಮುಂದೆ ಯಾವತ್ತೂ ನನ್ನನ್ನು ಹೊರಗೆ ಹೆಸರು ಹಿಡಿದು ಕರೆಯಲಿಲ್ಲ.

ಎರಡು ವರ್ಷದ ಹಿಂದೆ ಬೀದರ್ ರಸ್ತೆಯಲ್ಲಿ ಲಾರಿ ಬಡಿದು ತೀರಿಕೊಂಡರು.

ಕಳೆದ ತಿಂಗಳು ಪಟ್ಟಿ ಹಿಡಿದು ಅದೇ ಸೇತುವೆಯ ಕೆಳಗೆ ಹೋದೆ. ಕಚೇರಿಯ ಸೂಪರ್‌ವೈಜರ್ ಸಂಜೀವಕುಮಾರ ಜೊತೆಗಿದ್ದರು. ವಾಸನೆ ಇರಲಿಲ್ಲ. ವಿಠೋಬಾ ಎಂಬ ನಡುವಯಸ್ಸಿನವನು ಅಲ್ಲಿ ಚಹಾದ ಬಂಡಿ ಇಟ್ಟಿದ್ದ. ಆಟೋಗೆ ಕಾಯುವ ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಅವರ ಬೆನ್ನ ಹಿಂದೆ ಉದ್ದಕ್ಕೂ ಕುರಿಗಳು.

ಆ ಗೋಡೆಯನ್ನು ನಾನು ಪೂರ್ತಿ ನೋಡಿದ್ದು ಅಂದೇ. ಸೇತುವೆ ಎತ್ತರವಿದ್ದ ಕಡೆ ಕುರಿಗಳು ನಿಜದ ಗಾತ್ರಕ್ಕಿದ್ದವು. ನೀರಿಳಿಯುವ ಕೊಳವೆಗೆ ಒಂದು ಕುರಿ ಮೈ ತಿಕ್ಕಿಕೊಳ್ಳುತ್ತಿತ್ತು. ಸೇತುವೆ ತಗ್ಗಿದಂತೆ ಅವೂ ಸಣ್ಣವಾಗುತ್ತ ಹೋಗಿ, ಮನುಷ್ಯರು ಕೂರಲೂ ಆಗದ ಕೊನೆಯ ಮೂಲೆಯಲ್ಲಿ ಅಂಗೈಯಗಲದ ಮರಿ ಮಲಗಿತ್ತು.

‘ಮೊದಲ ಇಲ್ಲಿ ಗಂಡಸ್ರು ಸಾಲಾಗಿ ನಿಂದರ್ತಿದ್ರು ಮೇಡಂ’ ಎಂದ ವಿಠೋಬಾ. ‘ಕುರಿ ಬಂದಿಂದ ಬಿಟ್ಟಾರ. ಇಷ್ಟ್ ಕಣ್ಣು ನೋಡ್ಲತಿದ್ರ ಯಾರಿಗಿ ಬರ್ತದ ಹೇಳ್ರಿ?’

ಕುಳಿತಿದ್ದ ಹೆಂಗಸರು ನಕ್ಕರು. ‘ನಿನ್ ಚಾ ಕುಡದ್ರೂ ಬರಂಗಿಲ್ಲ ಬಿಡು’ ಎಂದಳು ಒಬ್ಬಳು.

ಸಂಜೀವಕುಮಾರ ಫೋನಿನಲ್ಲಿ ಚಿತ್ರ ತೆಗೆದು, ‘ಯಾರ್ ಬರದಾರ ಇವು?’ ಎಂದರು.

‘ಬಾಲು ಪೇಂಟರ್ ಅಂತ ಇದ್ರು. ಸತ್ತಾರಂತ. ಬಳ್ಯಾಕಿಂತ ಮೊದ್ಲ ಅವ್ರ ಮನಿಯವ್ರಿಗಿ ಒಂದ್ ಮಾತ್ ಕೇಳ್ರಿ ಸಾಹೇಬ್ರ’ ಎಂದ ವಿಠೋಬಾ.

‘ಮನಿಯವ್ರು ಯಾರರ ಅದಾರೇನು?’ ಎಂದು ಸಂಜೀವಕುಮಾರ ನನ್ನತ್ತ ನೋಡಿದರು. ಅವರಿಗೆ ನಾನು ವಿಧವೆ ಎಂದು ಗೊತ್ತಿತ್ತು. ಯಾರ ಹೆಂಡತಿಯಾಗಿದ್ದೆ ಎಂದು ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ‘ಅವರು ಕಂತ್ರಾಟುದಾರರಿದ್ದರು’ ಎಂದಿದ್ದೆ.

ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪಟ್ಟಿ.

‘ಯಾರೂ ಇಲ್ರಿ ಸರ್’ ಎಂದೆ. ಬರೆದೆ: ಯಾರದೂ ಅಲ್ಲ.

ನಾರಾಯಣಖೇಡದಲ್ಲಿ ಬಸ್ ನಿಲ್ದಾಣದ ಕಾಂಪೌಂಡಿಗೂ ಅಂಗಡಿ ಸಾಲಿಗೂ ನಡುವಿನ ಓಣಿಯಲ್ಲಿ ಕುರಿಗಳಿದ್ದವು. ತಾಂಡೂರಿನಲ್ಲಿ ರೈಲ್ವೆ ಗೇಟಿನ ಪಕ್ಕ, ಒಡೆದ ಕಲ್ಲುಬಂಡೆಗಳ ರಾಶಿಯ ಹಿಂದೆ ಇದ್ದವು. ಎರಡಕ್ಕೂ ಅದನ್ನೇ ಬರೆದೆ. ಒಮ್ಮೆ ಬರೆದ ಮೇಲೆ ಮತ್ತೆ ಬರೆಯುವುದು ಸುಲಭವಾಯಿತು. ಅದನ್ನೂ ಇಲ್ಲಿ ಹೇಳಬೇಕು.

ಜಹೀರಾಬಾದಿನ ಗೋಡೆಗೆ ಗುರುವಾರ ಬಣ್ಣ ಬಳಿದರು. ಶನಿವಾರ ಬೆಳಿಗ್ಗೆ ನನ್ನ ಅತ್ತೆ ಮೋನಮ್ಮ ಊರಿಂದ ಬಂದರು. ಕೈಚೀಲದಲ್ಲಿ ಎರಡು ಡಬ್ಬಿ, ಒಂದರಲ್ಲಿ ಜಾಜಿನ ಕೆಂಪು, ಇನ್ನೊಂದರಲ್ಲಿ ನೀಲಿ. ಉಣ್ಣೆ ಕತ್ತರಿಸಿದ ಮೇಲೆ ಕುರಿಗಳಿಗೆ ಹೊಸದಾಗಿ ಗುರುತು ಹಾಕುವಾಗ ಬಳಸುವ ಬಣ್ಣ.

‘ಹಣಮಂತರಾಯ ಹ್ವಾದ ವಾರ ಇಲ್ಲಿಗಿ ಟಗರು ಮಾರಾಕ ಬಂದಿದ್ದ’ ಎಂದರು ಬಾಗಿಲಲ್ಲೇ. ಹಣಮಂತರಾಯ ಅವರ ಮೈದುನ. ‘ಸೇತುವಿ ಬುಡಕ ನಮ್ಮ ಹಿಂಡು ನೋಡೀನಿ ಅಂದ. ಕೆಂಪು ಮಾಸ್ಯಾದಂತ. ನೀ ಯಾಕ್ ಹೇಳಿಲ್ಲ ಸೌಂದರ್ಯಾ? ನನ್ ಮಗ ಬರದದ್ದು ಒಂದರ ನೋಡ್ತೀನಿ ಅಂತ ನಾ ಎಷ್ಟ್ ಸಲ ಕೇಳೀನಿ.’

‘ಚಾ ಕುಡೀರಿ ಅತ್ತಿ.’

‘ನೋಡಿ ಬಂದು ಕುಡೀತೀನಿ.’

‘ಬಿಸಲು ಭಾಳ ಅದ. ಸಂಜಿಗಿ ಹೋಗಮು.’

‘ಕುರಿ ಕಾಯೋ ಹೆಣಮಗಳಿಗಿ ಬಿಸಲು ತೋರಸ್ತಿ?’ ಎಂದು ನಕ್ಕು ಚಪ್ಪಲಿ ಮೆಟ್ಟಿದರು.

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಸೇತುವೆಯ ಕೆಳಗೆ ಅತ್ತೆ ನಿಂತರು, ಗೋಡೆ ನೋಡಿದರು, ಬೇರೆ ಸೇತುವೆಗೆ ಬಂದೆವೇನೋ ಎಂಬಂತೆ ಸುತ್ತ ನೋಡಿದರು. ಕಣ್ಣು ಕುಕ್ಕುವ ಬಿಳಿ. ಬಣ್ಣ ಮೈಗಂಟುತ್ತದೆಂದು ಹೆಂಗಸರು ದೂರ ಬಿಸಿಲಲ್ಲಿ ನಿಂತಿದ್ದರು. ಆಗಲೇ ಮೂತ್ರ ಹರಿದು ಒಂದು ಮೂಲೆ ಒದ್ದೆಯಾಗಿತ್ತು. ಕೊನೆಯ ಮೂಲೆ, ಮರಿ ಇದ್ದದ್ದು.

‘ಎಲ್ಲಿ ಅವ?’

ವಿಠೋಬಾ ನನ್ನನ್ನು ಗುರುತಿಸಿದ. ‘ಮೇಡಂ, ಮತ್ತ ಯಾಕ್ ಬಂದ್ರಿ? ಇನ್ನೇನ್ ಉಳದದ ಬಳ್ಯಾಕ?’

ಅತ್ತೆ ಅವನತ್ತ ಹೋದರು. ‘ಯಪ್ಪಾ, ಇಲ್ಲಿ ಕುರಿ ಇದ್ದುವಲ್ಲ? ಬಾಲರಾಜ ಬರದದ್ದು. ನಾ ಅವನ ತಾಯಿ. ಇಕಿ ಅವನ ಹೆಣ್ತಿ.’

ವಿಠೋಬಾ ಅತ್ತೆಯನ್ನು ನೋಡಿದ. ಅವರ ಕೈಯಲ್ಲಿದ್ದ ಡಬ್ಬಿಗಳನ್ನು ನೋಡಿದ. ನನ್ನನ್ನು ನೋಡಿದ. ನಾನು ಅವನ ಸ್ಟವ್ವಿನ ಕಡೆ ನೋಡಿದೆ.

‘ಕಂಪನಿಯವ್ರು ಬಂದಿದ್ರಬೇ’ ಎಂದ ಕೊನೆಗೆ. ‘ಬಳದು ಹ್ವಾದ್ರು. ಕೂಡ್ರಿ, ಚಾ ಮಾಡ್ತೀನಿ.’

ನಾನು ಅಂದದ್ದನ್ನು ಮುಚ್ಚಿಟ್ಟು ನನ್ನನ್ನು ಉಳಿಸಿದ್ದ. ಅವನು ಬೈದಿದ್ದರೆ ನಿಂತಿರುತ್ತಿದ್ದೆ. ಹಾಗೆ ಉಳಿಸಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

‘ಕೇಳದೆ ಬಳದ್ರೇನು?’ ಎಂದರು ಅತ್ತೆ. ‘ಗುರುತು ಇತ್ತಲ್ಲ. ಗುರುತು ನೋಡಿಯಾದ್ರೂ ಕೇಳಬೇಕಿಲ್ಲೇನು?’

‘ಕೇಳಿದ್ರು ಅತ್ತಿ’ ಎಂದೆ. ‘ನನಗೇ ಕೇಳಿದ್ರು. ಮನಿಯವ್ರು ಯಾರೂ ಇಲ್ಲ ಅಂದೆ.’

ಅತ್ತೆ ಡಬ್ಬಿಗಳನ್ನು ಚೀಲದೊಳಗೆ ಇಟ್ಟರು.

ಅವರ ಮನೆಯಲ್ಲಿ ಈ ವಿಷಯಕ್ಕೆ ಒಂದೇ ರೀತಿ. ತಪ್ಪಿಸಿಕೊಂಡ ಕುರಿ ಬೇರೆ ಹಿಂಡಿನಲ್ಲಿ ಸಿಕ್ಕರೆ, ಗುರುತು ನೋಡಿ ಮನೆಗೆ ಹೇಳಿ ಕಳಿಸುತ್ತಾರೆ. ಮನೆಯವರು ಬಂದು ನಾಲ್ಕು ಜನರೆದುರು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ‘ನಮ್ಮದು’ ಎನ್ನಬೇಕು. ಅಂದರೆ ಮುಗಿಯಿತು, ಯಾರೂ ವಾದಿಸುವುದಿಲ್ಲ. ‘ನಮ್ಮದಲ್ಲ’ ಎಂದರೂ ಮುಗಿಯಿತು. ಆ ಮಾತನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹಿಂದೆ ಹಣಮಂತರಾಯರ ದಾಯಾದಿ ಅಣ್ಣನೊಬ್ಬ, ಕುರಿ ಯಾರದೋ ಕಡಲೆ ಹೊಲ ಮೇದಿತ್ತೆಂದು, ಊರ ಮುಂದೆ ಬೈಸಿಕೊಳ್ಳುವ ನಾಚಿಕೆಗೆ ‘ನಮ್ಮದಲ್ಲ’ ಎಂದುಬಿಟ್ಟನಂತೆ. ಕುರಿ ಅವನ ದನಿ ಕೇಳಿ ಅರಚುತ್ತಿತ್ತಂತೆ. ಮೂವತ್ತು ವರ್ಷವಾದರೂ ಅದನ್ನು ಹೇಳುತ್ತಾರೆ. ಅತ್ತೆಯೇ ನನಗೆ ಹೇಳಿದ್ದರು, ಮದುವೆಯ ಹೊಸದರಲ್ಲಿ. ನಾನು ನಕ್ಕಿದ್ದೆ.

‘ಎಷ್ಟಿದ್ದುವು?’ ಎಂದರು ಅತ್ತೆ.

ನಾನು ಎಣಿಸಿರಲಿಲ್ಲ. ಉದ್ದ ಬರೆದಿದ್ದೆ, ಹದಿನೆಂಟು ಮೀಟರ್.

‘ಇಪ್ಪತ್ಮೂರು’ ಎಂದ ವಿಠೋಬಾ. ‘ಮರಿ ಹಿಡದು.’

‘ಅತ್ತಿ, ಜಾಜು ಕೊಡ್ರಿ. ಇಲ್ಲೇ ಗುರುತು ಹಾಕ್ತೀನಿ’ ಎಂದೆ.

‘ಎದರ ಮ್ಯಾಲ? ಸುಣ್ಣದ ಮ್ಯಾಲ?’ ಎಂದರು. ‘ಇಲ್ಲ ಅಂದಿ. ಈ ಹಿಂಡು ಹೋತು. ಬಿಡು.’

ಚಹಾ ಕುಡಿದೆವು. ಲೋಟ ಕೆಳಗಿಟ್ಟು ಅತ್ತೆ ಕೇಳಿದರು: ‘ಮತ್ತೆಲ್ಲಿ ಬರದಾನ?’

ಹೇಳಿದೆ. ಅಲ್ಲಿಯೂ ನಾನೇನು ಬರೆದಿದ್ದೇನೆಂದು ಹೇಳಿದೆ.

‘ಅದು ಕಾಗದದಾಗ ಬರದದ್ದು. ಬಾಯ್ಬಿಟ್ಟು ಯಾರರ ಕೇಳ್ಯಾರೇನು ನಿನಗ?’

‘ಇಲ್ಲ.’

‘ನಡಿ ಮತ್ತ.’

ನಾರಾಯಣಖೇಡದ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಇಳಿಯುವಾಗ ನಾನು ಹಿಡಿಯಲು ಚಾಚಿದ ಕೈಯನ್ನು ನೋಡದವರಂತೆ ಇಳಿದರು.

ಓಣಿ ಒಬ್ಬರೇ ಅಡ್ಡಡ್ಡವಾಗಿ ಹೋಗುವಷ್ಟು ಕಿರಿದು. ಅಲ್ಲಿ ಕುರಿಗಳು ಒಂದರ ಹಿಂದೊಂದು ಸಾಲಾಗಿ ನಡೆದಿದ್ದವು, ಓಣಿಯ ಬಾಯಿಯಿಂದ ಒಳಮುಖವಾಗಿ. ಗೋಡೆಯ ಕೆಳಗೆ ಯಾರೋ ಒಡೆದ ಕೊಡಗಳಲ್ಲಿ ಪುದೀನ ಹಾಕಿದ್ದರು. ಅತ್ತೆ ಓಣಿಯ ಬಾಯಲ್ಲೇ ನಿಂತು ಮೊದಲ ಕುರಿಯನ್ನು ಬಹಳ ಹೊತ್ತು ನೋಡಿದರು.

‘ಕಿವಿ ನೋಡು’ ಎಂದರು. ‘ನಮ್ಮ ಕರಿಮೂತಿ ಕುರಿದು ಬಲಗಿವಿ ಹರದಿತ್ತು. ಹಂಗೇ ಬರದಾನ.’

ನೋಡಿದೆ.

ಬಸ್ಸಿಗೆ ಕಾಯುತ್ತಿದ್ದ ಕೆಲವರು ಏನು ನಡೆದಿದೆಯೆಂದು ಹತ್ತಿರ ಬಂದರು. ನಾನು ಒಳಗೆ ಸರಿದು ಸಂಜೀವಕುಮಾರರಿಗೆ ಫೋನ್ ಮಾಡಿದೆ.

‘ಸರ್, ನಾರಾಯಣಖೇಡದ ಓಣಿ, ತಾಂಡೂರಿನ ಗೇಟು, ಎರಡೂ ಪಟ್ಟಿಯಿಂದ ತೆಗೀರಿ. ನಾ ಸುಳ್ಳು ಬರದೀನಿ.’

‘ಸುಳ್ಳಂದ್ರ? ತಾಂಡೂರಿಗಿ ಮಂದಿ ಮುಂಜಾನೇ ಹೋಗ್ಯಾರಲ್ರಿ. ನಾರಾಯಣಖೇಡ ಸೋಮವಾರ. ಯಾರವು ಅವು?’

‘ನಮ್ಮನಿಯವ್ರು ಬರದದ್ದು ಸರ್. ಬಾಲು ಪೇಂಟರ್ ನನ್ ಗಂಡ.’

‘ಅವತ್ತ ಎದುರಿಗೇ ಕೇಳಿದ್ನಲ್ಲ ತಂಗಿ, ಯಾಕ್ ಹೇಳ್ಲಿಲ್ಲ?’

‘ನಾಚಿಕಿ ಬಂತ್ರಿ.’

‘ನಾಚಿಕಿ ಯಾರದು?’

ನಾನು ಗೋಡೆಯತ್ತ ನೋಡಿದೆ. ಅವರು, ‘ತಾಂಡೂರಿಗಿ ಫೋನ್ ಹಚ್ಚಿ ನೋಡ್ತೀನಿ. ಬಳದಿದ್ರ ನಾ ಏನೂ ಮಾಡಾಕ ಬರಂಗಿಲ್ಲ. ನಿಮ್ ಕೆಲಸದ್ದೂ ಸೋಮವಾರ ಮಾತಾಡಮು’ ಎಂದು ಇಟ್ಟರು.

ಫೋನನ್ನು ಚೀಲಕ್ಕೆ ಹಾಕಿ, ಮತ್ತೆ ಅತ್ತೆಯ ಬಳಿ ಬಂದು, ಹರಿದ ಕಿವಿಯ ಕುರಿಯ ಕುತ್ತಿಗೆಯ ಮೇಲೆ, ಕೆಂಪು ಮಾಸಿದ ಕಡೆ, ಕೈಯಿಟ್ಟೆ. ಗೋಡೆ ಬಿಸಿಲಿಗೆ ಬೆಚ್ಚಗಿತ್ತು. ಓಣಿಯ ಬಾಯಲ್ಲಿ ಏಳೆಂಟು ಜನ ನಿಂತಿದ್ದರು. ಕಾಲೇಜಿನ ಹುಡುಗಿಯರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿಕೊಳ್ಳುತ್ತಿದ್ದರು.

‘ನಮ್ಮವು’ ಎಂದೆ.

ಅತ್ತೆ ಜಾಜಿನ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಇನ್ನೂ ತೆರೆದಿರಲಿಲ್ಲ.

‘ಜೋರಾಗಿ ಹೇಳು’ ಎಂದರು. ‘ಇಲ್ಲಿ ಯಾರಿಗೂ ಕೇಳವಲ್ದು.’