ಮದಕ ದಾಟಿದ ಚಾ

ಮೊಣಕಾಲಿನ ಆಪರೇಶನ್ ಆದ ಮೇಲೆ ಮೈಮೂನಮ್ಮ ಅಂಗಳ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಅಜ್ಜಾವರ ಊರಿನ ಮದಕದ, ಅಂದರೆ ಕೆರೆಯ, ಆಚೆ ದಂಡೆಯಲ್ಲಿ ಅವರ ಮನೆ, ಈಚೆ ದಂಡೆಯಲ್ಲಿ ಗೆಳತಿ ಮೂಕಾಂಬಿಕಾಳ ಹೊಲಿಗೆ ಕೋಣೆ. ಆಟೋದಲ್ಲಿ ಸುತ್ತಿ ಬರಬಹುದಿತ್ತು. ಮೂಕಾಂಬಿಕಾ ಕರೆದರೆ, "ನಾಳೆ ನೋಡುವ" ಎನ್ನುತ್ತಿದ್ದರು.

ಒಂದು ದಿನ ಫೋನಿನಲ್ಲಿ ಕೆಣಕಿದರು. "ನೀನು ರವಕೆ ಬಿಟ್ಟು ಆಟದ ದೋಣಿ ಮಾಡ್ತಿದ್ದೀಯಂತಲ್ಲ. ಅದ್ರಲ್ಲಿ ಒಂದು ಗ್ಲಾಸು ಚಾ ಚೆಲ್ಲದೆ ಕಳ್ಸು. ಆಗ ಬರ್ತೇನೆ."

ಮೂಕಾಂಬಿಕಾ ಆ ಮಾತನ್ನು ಬಿಡಲಿಲ್ಲ.

ಹಗುರ ಮರ ಕೊರೆದು ಮಾಡಿದ ಉದ್ದನೆಯ ಸಪೂರ ದೋಣಿ ಅದು. ಮೋಟಾರು, ತೋಟಕ್ಕೆ ಮದ್ದು ಸಿಂಪಡಿಸುವ ಹಳೆಯ ಬ್ಯಾಟರಿ ಪಂಪಿನದು. ಗ್ಲಾಸಿಟ್ಟು ಬಿಟ್ಟ ಕೂಡಲೇ ಮೂತಿ ಮೇಲೆದ್ದಿತು, ಹಿಂಬದಿಯ ಪುಟ್ಟ ಫ್ಯಾನು ನೀರನ್ನು ನೊರೆ ಮಾಡಿತು, ಚಾ ಮದಕದ ಪಾಲಾಯಿತು.

"ಇನ್ನೊಂದು ಬ್ಯಾಟರಿ ಹಾಕು ಮಾರಾಯ್ತಿ," ಎಂದ ಗಂಡ ಕೃಷ್ಣಮೋಹನ.

ಹಾಕಿದಳು. ಅಲೆ ದೊಡ್ಡದಾಯಿತು, ವೇಗ ಹೆಚ್ಚಲಿಲ್ಲ. ಹಾಗಾದರೆ ಆ ಶಕ್ತಿ ಹೋಗುವುದೆಲ್ಲಿಗೆ? ಅವಳು ಮದಕದ ಮೆಟ್ಟಿಲಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದಳು. ಒಂದು ಹದದ ವೇಗದವರೆಗೆ ದೋಣಿ ನೀರನ್ನು ಸದ್ದಿಲ್ಲದೆ ಸರಿಸುತ್ತಿತ್ತು. ಮತ್ತೂ ತಳ್ಳಿದರೆ ತಾನೆಬ್ಬಿಸಿದ ಅಲೆಯನ್ನೇ ಹತ್ತಲು ಒದ್ದಾಡುತ್ತಿತ್ತು. ಇದಕ್ಕೆ ಇದರದೇ ಒಂದು ನಡಿಗೆ ಉಂಟು ಅಂದುಕೊಂಡಳು. ಯಾಕೋ ಆ ದೋಣಿಯ ಮೇಲೆ ಮಮತೆ ಹುಟ್ಟಿತು.

ನಿಧಾನ ಹೋಗಲೆಂದು ಬ್ಯಾಟರಿಯ ಬಲ ತಗ್ಗಿಸಿದರೆ ಪುಟ್ಟ ಫ್ಯಾನಿಗೆ ಭಾರ ಎಳೆಯಲಾಗಲಿಲ್ಲ. ಬಿಸ್ಕತ್ತಿನ ಡಬ್ಬಿ ಕತ್ತರಿಸಿ ದೊಡ್ಡ ಫ್ಯಾನು ಮಾಡಿದಳು. ಮೋಟಾರು ಬಿಸಿಯಾಗಿ ನರಳಿತು. ಫ್ಯಾನು ದೊಡ್ಡದಿರಬೇಕು, ನಿಧಾನ ತಿರುಗಬೇಕು, ಮೋಟಾರಿಗೂ ಹೊರೆಯಾಗಬಾರದು.

ಮರುದಿನ ಹೊಲಿಗೆ ಯಂತ್ರ ತುಳಿಯುತ್ತಿದ್ದವಳ ಕಾಲು ನಿಂತಿತು. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬಂದರೆ ಮೇಲಿನ ಚಿಕ್ಕದು ಹಲವು ಸುತ್ತು ತಿರುಗುತ್ತದೆ. ಅದನ್ನೇ ತಿರುವು ಮುರುವು ಮಾಡಿ, ಚಿಕ್ಕದರಿಂದ ದೊಡ್ಡದನ್ನು ನಿಧಾನ ತಿರುಗಿಸಿದರೆ? ಮೋಟಾರಿಗೆ ನೂಲಿನ ಖಾಲಿ ಉರುಳೆ, ಫ್ಯಾನಿನ ಸರಳಿಗೆ ಡಬ್ಬಿಯ ಅಗಲ ಮುಚ್ಚಳ, ಎರಡಕ್ಕೂ ಸೇರಿಸಿ ರಬ್ಬರ್ ಬ್ಯಾಂಡ್.

ಸಂಜೆ ದೋಣಿ ಹೊರಟಿತು. ಬಾತುಕೋಳಿಯ ಹಾಗೆ, ನೊರೆಯಿಲ್ಲದೆ. ಆಚೆ ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿ ಕೂತಿದ್ದ ಮೈಮೂನಮ್ಮ ಊರುಗೋಲಿನಿಂದ ಅದನ್ನು ಎಳೆದುಕೊಂಡರು. ಗ್ಲಾಸೆತ್ತಿ ಕುಡಿದರು. ಮೂಕಾಂಬಿಕಾಳಿಗೆ ಫೋನು ಬಂತು.

"ಒಂದು ತೊಟ್ಟೂ ಚೆಲ್ಲಿಲ್ಲ. ಆದ್ರೆ ಬರುವಷ್ಟರಲ್ಲಿ ತಣ್ಣಗಾಗಿದೆ."

"ಬೇಗ ಬಂದ್ರೆ ಚೆಲ್ತದೆ, ಎಂತ ಮಾಡುದು?"

ಮೈಮೂನಮ್ಮ ಖಾಲಿ ಗ್ಲಾಸನ್ನು ದೋಣಿಯಲ್ಲಿಟ್ಟರು. "ಇನ್ನೊಂದು ಚಾ ಇಡು. ಮಗ ಫಯಾಝ್‌ಗೆ ಆಟೋ ತರ್ಲಿಕ್ಕೆ ಹೇಳ್ತೇನೆ. ನಿಧಾನ ಬರ್ತೇನೆ, ಆಯ್ತಾ?"